ಒಪ್ಪಿಗೆ ಈಗ ಯಾವ ಊರಿನಲ್ಲಿದೆ?

ಪುಣೆ
೧೨-೧೧-೧೯೭೫

ತಾರಕ್ಕನಿಗೆ ತ್ರ್ಯಂಬಕನ ನಮಸ್ಕಾರಗಳು.

ನಿನ್ನ ಹೆಸರಿನ ಹಿಂದೆ ಏನನ್ನೂ ಬರೆದಿಲ್ಲವೆಂದು ದೊಡ್ಡಕಾಕಾ ಸಿಟ್ಟಾಗಬಹುದು. ಗಂಡನಿಲ್ಲದವಳ ಹೆಸರಿನ ಹಿಂದೆ ‘ಗಂಗಾಭಾಗೀರಥಿ’ ಎಂದು ಬರೆಯುವ ನಮ್ಮ ಮನೆಗಳ ರೀತಿ ನನಗೆ ಗೊತ್ತಿಲ್ಲದ್ದೇನಲ್ಲ. ಇಪ್ಪತ್ತಾರು ವರ್ಷದ ಅಕ್ಕನಿಗೆ ಹಾಗೆ ಬರೆಯಲು ನನ್ನ ಕೈ ಏಳುವುದಿಲ್ಲ, ಅಷ್ಟೇ.

ಅವ್ವನ ಕಾರ್ಡು ಬಂತು. ನವಿಲುತೀರ್ಥದ ಅಣೆಕಟ್ಟಿನಲ್ಲಿ ಓವರ್ಸಿಯರ್ ಆಗಿರುವ ದಿಗಂಬರ ಎಂಬವರು ನಮ್ಮ ಮನೆಗೇ ಬಂದು, ದೊಡ್ಡಕಾಕಾನ ಎದುರು ಕುಳಿತು, ನಿನ್ನನ್ನು ಮದುವೆಯಾಗುತ್ತೇನೆಂದು ಕೇಳಿದರಂತೆ. ಓದಿ ಹಾಸ್ಟೆಲಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಅಳು ಬಂತೋ ನಗು ಬಂತೋ ಹೇಳಲಾರೆ. ಅವರ ಅಕ್ಕ ಬೇರೆ ಕಡೆ ಹೆಣ್ಣು ನೋಡಿಟ್ಟಿದ್ದಾರೆ, ಯುಗಾದಿಯವರೆಗೆ ಮಾತ್ರ ಕಾಯುತ್ತಾರೆ ಎಂದೂ ಅವ್ವ ಬರೆದಿದ್ದಾಳೆ. ತೀರಿಹೋದ ಅಪ್ಪನ ಅಣ್ಣತಮ್ಮಂದಿರ ನಾಲ್ಕೂ ಮನೆ, ಅಂದರೆ ದೊಡ್ಡಕಾಕಾನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲವೂ ಹೂಂ ಎನ್ನದೆ ಏನೂ ಆಗುವುದಿಲ್ಲ ಎಂದು ದೊಡ್ಡಕಾಕಾ ಹೇಳಿದ್ದಾರಂತೆ. ನನ್ನನ್ನು ಯಾರೂ ಕೇಳುವುದಿಲ್ಲ. ಇನ್ನೂ ಗಳಿಸದ ಹುಡುಗನ ಮಾತು ನಮ್ಮಲ್ಲಿ ಅಂಗಳ ದಾಟುವುದಿಲ್ಲವಲ್ಲ!

ಆದರೆ ನೋಡು, ನಾನು ಈಗ ಓದುತ್ತಿರುವುದೂ ಇದನ್ನೇ. ಅಮೆರಿಕದ ಪತ್ರಿಕೆಯೊಂದರಲ್ಲಿ ಕಳೆದ ವರ್ಷ ಒಂದು ಲೇಖನ ಬಂದಿದೆ. ಒಂದು ಗುಂಪು ಒಂದು ಅಭಿಪ್ರಾಯಕ್ಕೆ ಹೇಗೆ ಬರುತ್ತದೆ ಎಂಬುದರ ಗಣಿತ. ನಿನಗೆ ಆಣೆ ಲೆಕ್ಕದಲ್ಲಿ ಹೇಳುತ್ತೇನೆ. ಪೂರ್ತಿ ಒಪ್ಪಿಗೆ ಅಂದರೆ ಹದಿನಾರಾಣೆ, ಬೇಡ ಅಂದರೆ ಸೊನ್ನೆ. ಒಬ್ಬ ಮನುಷ್ಯ ತನ್ನ ವಿಚಾರವನ್ನು ಎಂಟಾಣೆ ನಂಬುತ್ತಾನೆ, ಅಣ್ಣನದನ್ನು ನಾಲ್ಕಾಣೆ, ನೆರೆಯವನದನ್ನು ನಾಲ್ಕಾಣೆ. ಮೂರನ್ನೂ ಅದೇ ಪ್ರಮಾಣದಲ್ಲಿ ಬೆರೆಸಿದರೆ ಅವನ ಹೊಸ ವಿಚಾರ. ಎಲ್ಲರೂ ಮತ್ತೆ ಮತ್ತೆ ಹೀಗೆ ಬೆರೆಸುತ್ತ ಹೋದರೆ ಕೊನೆಗೆ ಎಲ್ಲರದೂ ಒಂದೇ ಆಗುತ್ತದೆ. ಇದು ನಂಬಿಕೆಯ ಮಾತಲ್ಲ, ಸಿದ್ಧಾಂತ.

ಆದ್ದರಿಂದ ನೀನು ಚಿಂತೆ ಮಾಡಬೇಡ. ಯಾವ ಮನೆಯಿಂದ ಏನು ಪತ್ರ ಬರುತ್ತದೆಯೋ ನನಗೆ ತಿಳಿಸುತ್ತಿರು. ಉಳಿದದ್ದು ಗಣಿತ ನೋಡಿಕೊಳ್ಳುತ್ತದೆ.

ನಿನ್ನ ತಮ್ಮ
ತ್ರ್ಯಂಬಕ


ಬೈಲಹೊಂಗಲ
೩-೧೨-೧೯೭೫

ಚಿ. ತ್ರ್ಯಂಬಕನಿಗೆ ತಾರಾಳ ಆಶೀರ್ವಾದಗಳು.

ನಿನ್ನ ಸಿದ್ಧಾಂತ ಓದಿದೆ. ಮಜ್ಜಿಗೆ ಬೆರೆಸುವುದು ತಿಳಿಯಿತು, ಬೆಣ್ಣೆ ಹೇಗೆ ಬರುತ್ತದೆ ಎಂಬುದು ತಿಳಿಯಲಿಲ್ಲ.

ಇಲ್ಲಿಯ ಸುದ್ದಿ ಕೇಳು. ದೊಡ್ಡಕಾಕಾನ ಕಣ್ಣಿನ ಪೊರೆ ಬಲಿತಿದೆ. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುವುದನ್ನು ಬಿಟ್ಟು ವರ್ಷವಾಯಿತು. ಹಳೆಯ ಗಿರಾಕಿಗಳು ಈಗ ಮನೆಗೇ ಬರುತ್ತಾರೆ. ಕಾಕಾ ಹೇಳುತ್ತಾರೆ, ನಾನು ಡೆಸ್ಕು ಮುಂದಿಟ್ಟುಕೊಂಡು ಬರೆಯುತ್ತೇನೆ. ಹೀಗಾಗಿ ನನ್ನ ಮದುವೆಯ ಪತ್ರಗಳನ್ನೂ ನಾನೇ ಬರೆದೆ. ಮೂಗಿಗೆ ತಪಕೀರು ಏರಿಸಿ ಕಾಕಾ ಶುರುಮಾಡಿದರು. “ಬರಿ ತಾರಾ. ಗಂಗಾಭಾಗೀರಥಿ ತಾರಾಳ ಪುನರ್ವಿವಾಹದ ವಿಷಯವಾಗಿ ತಮ್ಮ ವಿಚಾರ ತಿಳಿಸಬೇಕು. ನಮ್ಮ ಮಟ್ಟಿಗೆ ಅಡ್ಡಿ ಇಲ್ಲ. ಬರದೀ?”

“ಬರದೆ.”

“ಅಕ್ಷರ ದುಂಡಗ ಬರಲಿ.”

ದುಂಡಗೆ ಬಂದವು. ಮೂರು ಊರಿಗೂ ಹೋದವು. ಉತ್ತರಗಳೂ ಬಂದವು, ಅವನ್ನು ಓದಿ ಹೇಳುವವಳೂ ನಾನೇ. “ಇಂಥ ಕೆಲಸ ನಮ್ಮ ಮನೆತನದಲ್ಲಿ ನಡೆದದ್ದಿಲ್ಲ” ಎಂದು ಕಿತ್ತೂರ ಕಾಕಾ ಬರೆದದ್ದನ್ನು ನನ್ನ ಬಾಯಿಂದಲೇ ಓದಿದೆ. ಸವದತ್ತಿ ಕಾಕಾ ಬೇಡ ಎಂದಿದ್ದಾರೆ. ರಾಮದುರ್ಗ ಕಾಕಾನದೂ ಬೇಡ. ಓದುತ್ತ ಎರಡು ಸಲ ಮೂಗೊರೆಸಿಕೊಂಡೆ. ಕಾಕಾ ನೆಗಡಿಯೇ ಎಂದು ಕೇಳಿದರು. ಹೌದೆಂದೆ.

ದಿಗಂಬರರ ಬಗ್ಗೆ ನೀನು ಏನೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂಗೊಳ್ಳಿಯ ಶಟ್ಟೆವ್ವ ಎಂಬ ಮುದುಕಿಯ ಹೊಲದಲ್ಲಿ ಅಣೆಕಟ್ಟಿನ ಕಡೆಯ ಅಳತೆಯವರು ಯಾರೋ ಗಡಿಕಲ್ಲನ್ನು ತಪ್ಪು ಜಾಗದಲ್ಲಿ ನೆಟ್ಟುಹೋಗಿದ್ದರು. ಅವಳ ಅರ್ಜಿಯನ್ನು ನಾನೇ ಬರೆದೆ. ಅದು ಕೈಯಿಂದ ಕೈಗೆ ದಾಟಿ ಇವರ ಹತ್ತಿರ ಹೋಗಿತ್ತಂತೆ. ಒಂದು ದಿನ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, “ಈ ಅರ್ಜಿ ಬರದವರು ಯಾರ್ರಿ? ಇದನ್ನ ಓದಿದ ಮ್ಯಾಲ ಹೊಲಕ್ಕ ಹೋಗಿ ನೋಡೂ ಜರೂರನ ಬೀಳಲಿಲ್ಲ” ಎಂದರು. ಕಾಕಾ, “ಹೇಳಿದಾವ ನಾ, ಬರದಾಕಿ ಈಕಿ” ಎಂದರು. ನಿಜ ಹೇಳಬೇಕೆಂದರೆ ಆ ಅರ್ಜಿಯಲ್ಲಿ ಕಾಕಾ ಹೇಳಿದ್ದು ಮೊದಲಿನ ಎರಡು ಸಾಲು ಮಾತ್ರ, ಆಮೇಲೆ ಅವರಿಗೆ ನಿದ್ದೆ ಹತ್ತಿತ್ತು. ಇದು ಇವರಿಗೆ ಹೇಗೆ ಗೊತ್ತಾಯಿತೋ, ನನ್ನ ಕಡೆ ನೋಡಿ ನಕ್ಕರು. ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದೆ. ಹಾಗೇ ಕುಡಿದರು.

ಅವ್ವ ಆರಾಮ ಇದ್ದಾಳೆ. ಈ ವಿಷಯದಲ್ಲಿ ಏನೂ ಮಾತಾಡುವುದಿಲ್ಲ.

ತಾರಾ


ಪುಣೆ
೨೨-೧೨-೧೯೭೫

ತಾರಕ್ಕನಿಗೆ ನಮಸ್ಕಾರ.

ನಾಲ್ಕು ಮನೆಗೆ ನಾಲ್ಕು ಸಾಲು, ನಾಲ್ಕು ಕಂಬ ಹಾಕಿ ಕೋಷ್ಟಕ ಮಾಡಿದೆ, ಹಾಳೆ ಇದರ ಜೊತೆಗೇ ಇಟ್ಟಿದ್ದೇನೆ. ಪ್ರತಿ ಮನೆಯೂ ತನ್ನನ್ನು ಎಂಟಾಣೆ ನಂಬುತ್ತದೆ, ಉಳಿದ ಎಂಟಾಣೆ ಬೇರೆ ಮನೆಗಳಿಗೆ ಎಂದು ಹಿಡಿದು ಲೆಕ್ಕ ಹಾಕಿದೆ. ಸಿದ್ಧಾಂತ ಹೇಳಿದಂತೆಯೇ ಯುಗಾದಿಯ ಹೊತ್ತಿಗೆ ಎಲ್ಲರೂ ಒಂದಾಗುತ್ತಾರೆ. ಆದರೆ ಒಂದು ತೊಡಕು. ಒಬ್ಬರು ಹೂಂ, ಮೂವರು ಬೇಡ. ಬೆರೆಸಿದರೆ ಎಲ್ಲರೂ ಬಂದು ನಿಲ್ಲುವುದು ನಾಲ್ಕಾಣೆಗೆ. ಒಮ್ಮತವೇನೋ ಆಯಿತು. ನಾಲ್ಕಾಣೆ ಒಪ್ಪಿಗೆಯಲ್ಲಿ ಮದುವೆ ಹೇಗೆ ಮಾಡುವುದು? ಮಂಟಪಕ್ಕೆ ಒಂದು ಕಂಬ ಹಾಕಿ ನಿಲ್ಲಿಸುವುದೇ?

ಒಮ್ಮತ ಎಂದರೆ ಒಳ್ಳೆಯದೇ ಎಂದು ನಾನು ತಿಳಿದಿದ್ದೆ. ಈಗ ಗೊಂದಲವಾಗಿದೆ. ಬಹುಶಃ ನನ್ನ ಎಂಟಾಣೆಯ ಊಹೆ ತಪ್ಪಿರಬೇಕು. ಯಾವ ಮನೆ ನಿಜವಾಗಿ ಯಾರ ಮಾತು ಕೇಳುತ್ತದೆ, ವಿಚಾರಿಸಿ ಬರೆ.

ಸಕ್ಕರೆಯಿಲ್ಲದ ಚಹಾದ ಸುದ್ದಿಯನ್ನು ಎರಡು ಸಲ ಓದಿದೆ. ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ.

ತ್ರ್ಯಂಬಕ


ಬೈಲಹೊಂಗಲ
೧೯-೧-೧೯೭೬

ಚಿ. ತ್ರ್ಯಂಬಕನಿಗೆ ಆಶೀರ್ವಾದಗಳು.

ಲಕೋಟೆಯಲ್ಲಿ ಸಂಕ್ರಾಂತಿಯ ಕುಸುರೆಳ್ಳು ಇಟ್ಟಿದ್ದೇನೆ. ದಾರಿಯಲ್ಲಿ ಪುಡಿಯಾದರೆ ನನ್ನನ್ನು ಬೈಯಬೇಡ.

ಇಲ್ಲಿ ತಲೆಕೆಳಗಾಗಿದೆ. ಕಿತ್ತೂರ ಕಾಕಾ ಹೂಂ ಎಂದಿದ್ದಾರೆ! ಪತ್ರ ಓದಿ ನನಗೇ ನಂಬಿಕೆಯಾಗಲಿಲ್ಲ. “ಬೈಲಹೊಂಗಲದವರು ಅಡ್ಡಿ ಇಲ್ಲ ಎಂದ ಮೇಲೆ ನಮ್ಮದೂ ಅಡ್ಡಿ ಇಲ್ಲ” ಎಂದು ಇತ್ತು. ಕಾಕಾ ಹಿಗ್ಗುತ್ತಾರೆಂದು ಮುಖ ನೋಡಿದರೆ ಅವರು ತಪಕೀರಿನ ಡಬ್ಬಿ ಮುಚ್ಚಿ, “ಆದರ ರಾಮದುರ್ಗದವರು ಬ್ಯಾಡ ಅಂದಾರಲಾ? ಅವರು ಬ್ಯಾಡ ಅಂದದ್ದಕ್ಕ ನಾ ಹ್ಯಾಂಗ ಹೂಂ ಅನ್ಲಿ? ಬರಿ, ನಮ್ಮ ಮನಸ್ಸು ಬದಲಾಗೇದ” ಎಂದರು. ಬರೆದೆ.

ಯಾರು ಯಾರ ಮಾತು ಕೇಳುತ್ತಾರೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ನಮ್ಮ ದೇವರ ಪೆಟ್ಟಿಗೆಯೇ ಉತ್ತರ. ಕುಲದೇವರ ಪೆಟ್ಟಿಗೆ ವರ್ಷಕ್ಕೊಂದು ಮನೆಯಂತೆ ಬೈಲಹೊಂಗಲದಿಂದ ಕಿತ್ತೂರಿಗೆ, ಅಲ್ಲಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ, ಮತ್ತೆ ಇಲ್ಲಿಗೆ ಬರುತ್ತದೆ. ನೀನು ಚಿಕ್ಕವನಿದ್ದಾಗ ಅದರ ಮೇಲೆ ಹತ್ತಿ ಕುಳಿತು ಏಟು ತಿಂದದ್ದು ನೆನಪಿರಬೇಕು. ಯಾವ ಮನೆಯಿಂದ ದೇವರು ಬರುತ್ತಾನೋ ಆ ಮನೆಯ ಮನಸ್ಸು ನೋಯಿಸಬಾರದು. ನೋಯಿಸಿದರೆ ಪೆಟ್ಟಿಗೆ ಕೊಡುವಾಗ ಅವರ ಕೈ ಹಿಂಜರಿಯುತ್ತದೆ, ದೇವರು ಮನಸ್ಸಿಲ್ಲದೆ ಬರುತ್ತಾನೆ ಎಂಬುದು ಹಿರಿಯರ ನಂಬಿಕೆ. ಹೀಗಾಗಿ ಕಿತ್ತೂರಿಗೆ ಬೈಲಹೊಂಗಲದ ಮಾತು, ಸವದತ್ತಿಗೆ ಕಿತ್ತೂರಿನ ಮಾತು, ರಾಮದುರ್ಗಕ್ಕೆ ಸವದತ್ತಿಯ ಮಾತು, ನಮಗೆ ರಾಮದುರ್ಗದ ಮಾತು. ತನ್ನ ಮಾತು ಎಂಬುದು ಯಾರಿಗೂ ಇಲ್ಲ. ಮೊದಲ ಸುತ್ತಿನಲ್ಲಿ ಮಾತ್ರ, ಯಾರದೂ ಇನ್ನೂ ಗೊತ್ತಿಲ್ಲದಾಗ, ಬಾಯಿಗೆ ಬಂದದ್ದನ್ನು ಬರೆದಿದ್ದರು. “ನಂದ ಖರೆ ಅಂತ ಹಟ ಹಿಡಿಯೂದು ಸಂಸ್ಕಾರ ಇಲ್ಲದವರ ಲಕ್ಷಣ” ಎನ್ನುತ್ತಾರೆ ಕಾಕಾ.

ಅಂತೂ ಈಗ ನನ್ನ ಮದುವೆ ಕಿತ್ತೂರಿನಲ್ಲಿದೆ. ಉಳಿದ ಮೂರೂ ಊರಿನಲ್ಲಿ ಇಲ್ಲ.

ತಾರಾ


ಬೈಲಹೊಂಗಲ
೧೪-೨-೧೯೭೬

ಚಿ. ತ್ರ್ಯಂಬಕನಿಗೆ ಆಶೀರ್ವಾದ.

ಕಾರ್ಡಿನಲ್ಲಿ ಜಾಗ ಕಡಿಮೆ. ಈ ತಿಂಗಳು ಸವದತ್ತಿ ಕಾಕಾ ಹೂಂ ಎಂದಿದ್ದಾರೆ, ಏಕೆಂದರೆ ಕಿತ್ತೂರಿನವರು ಹೂಂ ಎಂದಿದ್ದರು. ಕಿತ್ತೂರಿನವರು ಈಗ ಬೇಡ ಎಂದಿದ್ದಾರೆ, ಏಕೆಂದರೆ ನಾವು ಬೇಡ ಎಂದಿದ್ದೆವು. ನಾವು ಬೇಡ, ರಾಮದುರ್ಗವೂ ಬೇಡ. ಒಪ್ಪಿಗೆ ಬಸ್ಸು ಹತ್ತಿ ಊರೂರು ತಿರುಗುತ್ತಿದೆ, ಮುಂದಿನ ತಿಂಗಳು ರಾಮದುರ್ಗದಲ್ಲಿ ಇಳಿಯಬಹುದು. ನಿನ್ನ ಸಿದ್ಧಾಂತ ಏನು ಹೇಳುತ್ತದೆ?

ದಿಗಂಬರರು ನೇಸರಗಿಗೆ ಹೋಗುವ ದಾರಿಯಲ್ಲಿ ಬಂದು, “ಏನಾತ್ರಿ?” ಎಂದು ಕಾಕಾನನ್ನು ಕೇಳಿದರು. “ವಿಚಾರ ನಡದದ” ಎಂದರು ಕಾಕಾ. ಸುಳ್ಳೇನಲ್ಲ.

ತಾರಾ


ಪುಣೆ
೨೪-೨-೧೯೭೬

ತಾರಕ್ಕನಿಗೆ ನಮಸ್ಕಾರ.

ಒಂದು ವಾರ ತಲೆಗೆ ಹುಳ ಬಿಟ್ಟುಕೊಂಡು ಕುಳಿತಿದ್ದೆ. ನನ್ನ ಲೆಕ್ಕ ಒಂದಾಗಲೇಬೇಕು ಎನ್ನುತ್ತದೆ, ನಿನ್ನ ಕಾರ್ಡು ಒಂದಾಗುವುದೇ ಇಲ್ಲ ಎನ್ನುತ್ತದೆ. ಕೊನೆಗೆ ನಮ್ಮ ಸರ್ ಮುಂದೆ ಎರಡನ್ನೂ ಇಟ್ಟೆ. ಅವರು ನಿನ್ನ ಕಾರ್ಡನ್ನು ಮರಾಠಿಯಲ್ಲಿ ಎರಡು ಸಲ ಹೇಳಿಸಿಕೊಂಡು, ನಿನ್ನ ಅಕ್ಕ ನಿನಗಿಂತ ಚೆನ್ನಾಗಿ ಬರೆಯುತ್ತಾಳೆ ಎಂದರು. ಆಮೇಲೆ ತಪ್ಪು ತೋರಿಸಿದರು.

ಪ್ರತಿಯೊಬ್ಬನೂ ತನ್ನನ್ನು ಸ್ವಲ್ಪವಾದರೂ ನಂಬುತ್ತಾನೆ ಎಂದು ನಾನು ಹಿಡಿದಿದ್ದೆ. ಲೋಕದಲ್ಲಿ ಅಂಥವರೇ ಹೆಚ್ಚು, ಆದ್ದರಿಂದ ಅದು ಊಹೆ ಎಂದೇ ನನಗೆ ಅನಿಸಿರಲಿಲ್ಲ. ನಮ್ಮ ಮನೆಯವರು ತಮಗೆ ಸೊನ್ನೆ ಇಟ್ಟುಕೊಂಡು ಹದಿನಾರಾಣೆಯನ್ನೂ ಹಿಂದಿನ ಮನೆಗೆ ಕೊಟ್ಟಿದ್ದಾರೆ. ಹಾಗಾದಾಗ ಏನೂ ಬೆರೆಯುವುದಿಲ್ಲ. ಒಬ್ಬರ ಮಾತು ಹಾಗೆಯೇ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಒಂದು ಹೂಂ, ಮೂರು ಬೇಡ, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ. ಯುಗಾದಿಗಲ್ಲ, ಮುಂದಿನ ಶತಮಾನಕ್ಕೂ ನಿಲ್ಲುವುದಿಲ್ಲ. ನಾಲ್ವರು ಸಂಭಾವಿತರು ಸೇರಿದರೆ ಇಂಥ ಅನಾಹುತ ಆಗುತ್ತದೆಂದು ಯಾರು ತಿಳಿದಿದ್ದರು!

ಉಪಾಯವೂ ಇದೆ. ನಾಲ್ವರಲ್ಲಿ ಯಾರಾದರೊಬ್ಬರು ತಮ್ಮನ್ನು ತಾವು ಒಂದೇ ಒಂದು ಆಣೆಯಷ್ಟು ನಂಬಿದರೂ ಸುತ್ತು ಮುರಿದು ಎಲ್ಲರೂ ಒಂದಾಗುತ್ತಾರೆ, ಎಷ್ಟಾಣೆಗೆ ಎಂಬ ಚಿಂತೆ ಆಮೇಲೆ. ದೊಡ್ಡಕಾಕಾನ ಕಾಲು ಹಿಡಿದು ಹೇಳು, ನಿಮ್ಮ ಮನಸ್ಸಿನದು ಒಂದಾಣೆ ಉಳಿಸಿಕೊಳ್ಳಿ ಎಂದು.

ತ್ರ್ಯಂಬಕ


ಬೈಲಹೊಂಗಲ
೪-೩-೧೯೭೬

ತ್ರ್ಯಂಬಕ,

ಕಾಕಾನಿಗೆ ಹೇಳಿದೆ. “ನನ್ನ ಮನಸ್ಸು ಅಂದ್ರ ಏನವಾ? ನಾಲ್ಕೂ ಮನಿ ಕೂಡಿ ಒಂದ ಮನಸ್ಸು” ಎಂದರು. ಸರಿಯಾಗಿ ಅದೇ ತಾನೇ ರೋಗ? ಒಪ್ಪಿಗೆ ಈಗ ರಾಮದುರ್ಗದಲ್ಲಿದೆ. ನನ್ನ ಲೆಕ್ಕ ತಪ್ಪಿರಲಿಲ್ಲ.

ನಿನ್ನೆ ಶಟ್ಟೆವ್ವ ಬಂದಿದ್ದಳು. ಕಲ್ಲು ಸರಿಯಾದ ಜಾಗಕ್ಕೆ ಹೋಯಿತಂತೆ. ಈಗ ಇನ್ನೊಂದು ಅರ್ಜಿ, ಬದುವಿನ ಜಾಲಿ ಮರ ಯಾರದು ಎಂದು. ಆ ಮುದುಕಿಯ ಹತ್ತಿರ ಒಂದು ಅರ್ಜಿ ಬರೆದು ಮುಗಿಸುವುದೆಂದರೆ ಸಾಕುಸಾಕಾಗುತ್ತದೆ. ಸಾಲಿಗೊಮ್ಮೆ, “ನನ್ನ ಹೆಸರ ಹಾಕೀರೇನ್ರಿ, ಬಾಯಾರ?” ಎಂದು ಕೇಳುತ್ತಾಳೆ. ಮೇಲೆ ಹಾಕಿದ್ದೇನೆ ಎಂದರೆ, “ಇನ್ನೊಂದ ಸಲ ಹಾಕ್ರಿ. ಮರಾ ನಂದು. ನನ್ನ ಹೆಸರ ಕಾಣಲಿಲ್ಲಂದ್ರ ಸಾಹೇಬ ಯಾರ್ನ ನೋಡತಾನ್ರಿ?” ಸಿಟ್ಟು ಬಂದು ಕೊನೆಗೆ ಒಂದೊಂದು ವಾಕ್ಯದಲ್ಲೂ ಶಟ್ಟೆವ್ವ, ಶಟ್ಟೆವ್ವ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಅವಳು ಖುಷಿಯಿಂದ ಹೋದಳು.

ಅವಳು ಹೋದ ಮೇಲೆ ನಿನ್ನ ಕೋಷ್ಟಕದ ಹಾಳೆಯನ್ನು ಮತ್ತೆ ಬಿಡಿಸಿ ನೋಡಿದೆ. ಬೈಲಹೊಂಗಲ ಇದೆ, ಕಿತ್ತೂರು ಇದೆ, ಸವದತ್ತಿ ಇದೆ, ರಾಮದುರ್ಗ ಇದೆ. ಇದರಲ್ಲಿ ನಾನು ಎಲ್ಲಿದ್ದೇನೆ, ತಮ್ಮಾ? ನಾಲ್ಕು ತಿಂಗಳಿಂದ ನನಗೆ ಪತ್ರ ಬರೆಯುತ್ತಿದ್ದೀ. ಕಿತ್ತೂರು ಏನೆನ್ನುತ್ತದೆ ಎಂದು ಕೇಳಿದೆ, ಸವದತ್ತಿ ಏನೆನ್ನುತ್ತದೆ ಎಂದು ಕೇಳಿದೆ. ತಾರಾ ಏನೆನ್ನುತ್ತಾಳೆ ಎಂದು ಒಂದು ಸಲವೂ ಕೇಳಲಿಲ್ಲ. ಕಾಕಾಗಳು ಹಳೆಯ ಕಾಲದವರು. ನೀನು ಯಾವ ಕಾಲದವನು?

ಕೇಳಿದ್ದರೂ ಆಗ ಏನು ಹೇಳುತ್ತಿದ್ದೆನೋ ತಿಳಿಯದು. ನನಗೆ ಬೇಕಾದದ್ದು ದಿಗಂಬರರೋ, ಇಲ್ಲಾ ಈ ಡೆಸ್ಕಿನಿಂದ ಬಿಡುಗಡೆಯೋ, ಅದೂ ಗೊತ್ತಾಗದೆ ಎತ್ತು ಏರಿಗೆ, ಕೋಣ ನೀರಿಗೆ ಆಗಿತ್ತು. ಒಂದು ದಿನ ಬೇಕು, ಒಂದು ದಿನ ಬೇಡ. ನನ್ನೊಳಗೇ ನಾಲ್ಕು ಊರು ಇದ್ದವು. ಪತ್ರದಲ್ಲಿ ನನ್ನ ಹೆಸರು ನಾನೇ ಬರೆದು ಬರೆದು ಅದು ಇನ್ಯಾರದೋ ಹೆಸರಾಗಿಬಿಟ್ಟಿತ್ತು. ಈಗ ಹಾಗಿಲ್ಲ. ಹೋದ ವಾರ ದಿಗಂಬರರು ಬಂದಾಗ ಕಾಕಾ ಮಲಗಿದ್ದರು. ನಾನು ಎಬ್ಬಿಸಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತರು, ನಾನು ಬಾಗಿಲಲ್ಲಿ ನಿಂತೆ, ಅವ್ವ ಒಳಗಿನಿಂದ ಮೂರು ಲೋಟ ಚಹಾ ತಂದಳು. ಅವರಿಗೊಂದು, ನನಗೊಂದು, ತನಗೊಂದು. ಮೂರು ಲೋಟ, ಗೊತ್ತಾಯಿತೇ? ಅವ್ವ ಎಂದೂ ಹಾಗೆ ತಂದವಳಲ್ಲ.

ಯುಗಾದಿಗೆ ದಿನ ಉಳಿದಿಲ್ಲ.

ತಾರಾ


ಪುಣೆ
೧೧-೩-೧೯೭೬

ತಾರಕ್ಕಾ,

ನಿನ್ನ ಪತ್ರ ಓದಿ ನಾಚಿಕೆಯಿಂದ ಸತ್ತೆ. ಹೆಚ್ಚು ಬರೆದರೆ ಅದೂ ಸಮಜಾಯಿಷಿಯಾಗುತ್ತದೆ.

ಕೋಷ್ಟಕಕ್ಕೆ ಐದನೆಯ ಸಾಲು ಹಾಕಿದ್ದೇನೆ, ತಾರಾ ಎಂದು. ಅದನ್ನು ತುಂಬುವವಳು ನೀನು. ಗಣಿತ ಹೇಳುವುದು ಇಷ್ಟು: ಐದನೆಯವಳು ಯಾರ ಮಾತಿಗೂ ಕದಲದೆ ಹದಿನಾರಾಣೆಯೂ ತನ್ನ ಮೇಲೆಯೇ ಇಟ್ಟುಕೊಂಡು ನಿಂತರೆ, ಉಳಿದ ನಾಲ್ವರಲ್ಲಿ ಒಬ್ಬರಾದರೂ ಅವಳಿಗೆ ಒಂದಾಣೆ ಕಿವಿಗೊಟ್ಟರೆ, ನಾಲ್ವರೂ ಕೊನೆಗೆ ಅವಳಲ್ಲಿಗೇ ಬರುತ್ತಾರೆ. ಬೇರೆ ದಾರಿಯೇ ಇಲ್ಲ. ಹಟ ಸಂಸ್ಕಾರ ಇಲ್ಲದವರ ಲಕ್ಷಣ ಎನ್ನುತ್ತಾರಲ್ಲ ಕಾಕಾ, ಇಲ್ಲಿ ಅದೊಂದೇ ಔಷಧ.

ಒಂದು ಕೆಟ್ಟ ಸುದ್ದಿಯನ್ನೂ ಹೇಳಬೇಕು. ಒಂದಾಣೆಯ ಕಿವಿಯಾದರೆ ಬಹಳ ನಿಧಾನ. ಒಂದು ಸುತ್ತಿಗೆ ನಾಲ್ಕು ತಿಂಗಳು, ಸುತ್ತಿಗೆ ಒಂದಿಷ್ಟು ಮಾತ್ರ ಕರಗುತ್ತದೆ. ನಾಲ್ಕೂ ಮನೆ ಹದಿನಾರಾಣೆಯ ಹತ್ತಿರ ಬರುವ ಹೊತ್ತಿಗೆ ನಿನ್ನ ತಲೆ ನೆರೆತಿರುತ್ತದೆ.

ಈಗ ಕೇಳುತ್ತೇನೆ. ತಡವಾಗಿ ಕೇಳುತ್ತೇನೆ. ನಿನಗೇನು ಬೇಕು, ಅಕ್ಕಾ?

ತ್ರ್ಯಂಬಕ


ಬೈಲಹೊಂಗಲ
೨೮-೩-೧೯೭೬

ಚಿ. ತ್ರ್ಯಂಬಕನಿಗೆ ಆಶೀರ್ವಾದಗಳು.

ರಾಮದುರ್ಗದವರು ಹೂಂ ಎಂದಿದ್ದರಲ್ಲ, ಅದರಿಂದ ಈ ಸಲ ನಮ್ಮ ಕಾಕಾನೂ ಹೂಂ. ಒಪ್ಪಿಗೆ ಸುತ್ತಿ ಸುತ್ತಿ ನಮ್ಮ ಮನೆಗೇ ಬಂತು. ಮತ್ತೆ ಕಿತ್ತೂರ ಬಸ್ಸು ಹತ್ತುವ ಮುಂಚೆ ಅದರ ಸೆರಗು ಹಿಡಿಯಬೇಕೆಂದು ಗಟ್ಟಿ ಮಾಡಿದೆ.

ಕಾಕಾ ಎಂದಿನಂತೆ ಹೇಳಿದರು, ಬರೆದೆ. ಕೊನೆಗೆ “ಇತಿ, ಬಾಳಕೃಷ್ಣ” ಎಂದರು. ಅದನ್ನೂ ಬರೆದೆ. ಅದರ ಕೆಳಗೆ ಪೆನ್ನು ನಿಲ್ಲಿಸದೆ ಇನ್ನಷ್ಟು ಬರೆದೆ. ಕಾಕಾನಿಗೆ ಕಾಣುವುದಿಲ್ಲ, ಆದರೆ ನಿಬ್ಬಿನ ಸದ್ದು ಕೇಳುತ್ತದೆ. “ಇನ್ನೂ ಏನ ಬರೀಲಿಕ್ಕೆ ಹತ್ತೀ? ಮುಗೀತಲಾ?” ಎಂದರು. ಓದಿ ಹೇಳಿದೆ: “ಇಲ್ಲಿಯವರೆಗೆ ದೊಡ್ಡಕಾಕಾ ಹೇಳಿ ಬರೆಸಿದ್ದು. ಇಲ್ಲಿಂದ ಮುಂದೆ ತಾರಾ ತಾನೇ ಬರೆದದ್ದು. ಈ ಮದುವೆ ನನಗೆ ಬೇಕಾಗಿದೆ. ನಾಲ್ಕೂ ಮನೆಯವರು ಹರಸಿದರೆ ತಾರಾಳಿಗೆ ಸಂತೋಷ. ಹರಸದಿದ್ದರೂ ತಾರಾಳಿಗೆ ಇದು ಬೇಕಾಗಿದೆ.” ಶಟ್ಟೆವ್ವನ ಅರ್ಜಿಯ ಹಾಗೆ ವಾಕ್ಯಕ್ಕೊಂದು ಹೆಸರು ಹಾಕಿದ್ದೆ.

ಕಾಕಾ ತಪಕೀರಿನ ಡಬ್ಬಿ ತೆರೆದು, ಏರಿಸದೆ ಮತ್ತೆ ಮುಚ್ಚಿದರು. “ಮತ್ತೊಮ್ಮೆ ಓದು” ಎಂದರು. ಓದಿದೆ.

“ಅಕ್ಷರ ದುಂಡಗ ಬಂದಾವೇನು?”

“ಬಂದಾವ, ಕಾಕಾ.”

“ಹಂಗಾರ ಟಪಾಲಿಗೆ ಹಾಕು.”

ಅಷ್ಟೇ. ಉತ್ತರಗಳು ಬಂದವು. ಕಿತ್ತೂರು ಬೇಡ, ಸವದತ್ತಿ ಬೇಡ. ನಾನು ಬರೆದ ಮಾತನ್ನು ಇಬ್ಬರೂ ಓದಿಯೇ ಇಲ್ಲವೆಂಬಂತೆ ಬಿಟ್ಟಿದ್ದಾರೆ. ರಾಮದುರ್ಗದ್ದು ಮಾತ್ರ ಬೇರೆ ಥರ ಇತ್ತು. “ಸವದತ್ತಿಯವರ ಮಾತೇ ನಮ್ಮ ಮಾತು. ಆದರೂ ತಾರಾ ಬರೆದದ್ದನ್ನು ಓದಿದೆವು” ಎಂದು ಅಲ್ಲಿಯ ಕಾಕಾ ಬರೆದಿದ್ದಾರೆ. ಅದರ ಕೆಳಗೆ ರಾಧಾಬಾಯಿ ಕಾಕೂ, ಪೆನ್ಸಿಲಿನಲ್ಲಿ: “ಸೀರಿ ಯಾವ ಬಣ್ಣದ್ದು ತರ್ಲಿ?”

ಇದೇ ನಿನ್ನ ಒಂದಾಣೆ ಎಂದು ಕಾಣುತ್ತದೆ. ಆದರೆ ತಲೆ ನೆರೆಯುವವರೆಗೆ ಕುಳಿತು ಅವರು ಒಂದಾಗುವುದನ್ನು ನೋಡುವ ತಾಳ್ಮೆ ನನಗಿಲ್ಲ. ಸಿದ್ಧಾಂತ ಕಾಯಲಿ, ನಾನು ಕಾಯುವುದಿಲ್ಲ. ನಿನ್ನೆ ದಿಗಂಬರರು ಬಂದು ಕಾಕಾನನ್ನು “ಏನಾತ್ರಿ?” ಎಂದು ಕೇಳಿದಾಗ ನಾನೇ ಉತ್ತರ ಕೊಟ್ಟೆ. “ನನ್ನನ್ನ ಕೇಳ್ರಿ” ಎಂದೆ. ಕೇಳಿದರು. ಹೂಂ ಎಂದೆ.

ಧಾರವಾಡದಲ್ಲಿ ಅವರ ಗೆಳೆಯರ ಮನೆಯ ಅಂಗಳದಲ್ಲಿ ಮದುವೆ, ಯುಗಾದಿಯಾದ ಮುಂದಿನ ವಾರ. ದೊಡ್ಡಕಾಕಾ ಬರುವುದಿಲ್ಲವಂತೆ. “ಹಿಂದಿನ ಸಲ ಹೂಂ ಅಂದಿದ್ದೆ, ಈ ಸಲ ರಾಮದುರ್ಗದವರು ಬ್ಯಾಡ ಅಂದಾರ, ಹ್ಯಾಂಗ ಬರ್ಲಿ?” ಎಂದು ಕಣ್ಣೊರೆಸಿಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅವರ ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈ ಇಟ್ಟರು. ಕೈಗೆ ಯಾರ ಪತ್ರವೂ ಬೇಕಾಗಲಿಲ್ಲ.

ನನ್ನನ್ನು ಧಾರೆ ಎರೆದುಕೊಡುವವರು ಯಾರೂ ಇಲ್ಲ. ಕೋಷ್ಟಕ ಅಲ್ಲೇ ಇಟ್ಟು ನೀನು ಬಾ.

ತಾರಾ


ನವಿಲುತೀರ್ಥ
೧೦-೫-೧೯೭೬

ಚಿ. ತ್ರ್ಯಂಬಕನಿಗೆ ಅಕ್ಕನ ಆಶೀರ್ವಾದಗಳು.

ಧಾರವಾಡ ಬಿಟ್ಟ ಮೇಲೆ ಬರೆದ ಪತ್ರದಲ್ಲಿ ನನ್ನ ಹೆಸರಿನ ಹಿಂದೆ ‘ಸೌ.’ ಎಂದು ಅಷ್ಟು ದೊಡ್ಡದಾಗಿ ಬರೆದಿದ್ದೀಯಲ್ಲ, ಟಪಾಲಿನವನು ನೋಡಿ ನಕ್ಕ. ಇನ್ನು ಮುಂದೆ ಸಣ್ಣದಾಗಿ ಬರೆ, ಸಾಕು.

ನಮ್ಮ ಕ್ವಾರ್ಟರ್ಸು ಎರಡು ಕೋಣೆಯದು. ಕಿಟಕಿಯಿಂದ ನೀರು ಕಾಣುತ್ತದೆ, ಬಿಸಿಲೂ ಅಷ್ಟೇ ಧಾರಾಳ. ಇವರು ಈಗಲೂ ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಾರೆ. ಮೊದಲಿನಿಂದಲೂ ಬೇಡವಾಗಿತ್ತಂತೆ, ನಾನು ಸುಮ್ಮನೆ ಅಷ್ಟು ದಿನ ಮರುಗಿದೆ.

ನಿನಗೆ ಬರೆಯಬೇಕಾದದ್ದು ನಿನ್ನೆಯ ಸುದ್ದಿ. ಅಕ್ಷಯ ತೃತೀಯಾ ಮುಗಿಯಿತಲ್ಲ, ದೇವರ ಪೆಟ್ಟಿಗೆ ಕಿತ್ತೂರಿನಿಂದ ಸವದತ್ತಿಗೆ ಹೋಗುವ ಹೊತ್ತು. ಮಧ್ಯಾಹ್ನ ಬಾಗಿಲು ಸದ್ದಾಯಿತು. ತೆರೆದರೆ ಕಿತ್ತೂರ ಕಾಕಾ. ಮಡಿಪಂಚೆಯಲ್ಲಿ ಸುತ್ತಿದ ಪೆಟ್ಟಿಗೆ ಹೆಗಲ ಮೇಲಿತ್ತು, ಬೆವರು ಇಳಿಯುತ್ತಿತ್ತು. ಸವದತ್ತಿಗೆ ನೇರ ಹೋಗುವ ಬಸ್ಸು ಬಿಟ್ಟು ಮುನವಳ್ಳಿಯಲ್ಲಿ ಇಳಿದು ಬಂದಿದ್ದರು. ಬೈಯಲು ಬಂದರೋ ಏನೋ ಎಂದು ಬಾಗಿಲಲ್ಲೇ ನಿಂತೆ.

“ಬೈಲಹೊಂಗಲದಿಂದ ಪತ್ರ ಬಂದ ಇಲ್ಲ” ಎಂದರು, ಅದೇ ಮೊದಲ ಮಾತು. “ಮಾರ್ಚದಾಗ ಹೂಂ ಅಂತ ಬಂದದ್ದ ಕಡೀದು. ಆಮ್ಯಾಲ ಹೂಂ ಉಳೀತೋ ಹೋತೋ, ಯಾರನ್ನ ಕೇಳ್ಲಿ?”

ಪತ್ರ ಹೇಗೆ ಹೋಗಬೇಕು? ಬರೆಯುವವಳು ಇಲ್ಲಿದ್ದೇನೆ. ಅವ್ವನಿಗೆ ಬರೆಯಲು ಬರುತ್ತದೆ, ಆದರೆ ಕಾಕಾ ಹೇಳಿದಾಗ ಅವ್ವ ಡೆಸ್ಕಿನ ಮುಂದೆ ಕೂಡಲೇ ಇಲ್ಲವಂತೆ. “ನನ್ನ ಮಗಳ ಬಾಬತ್ತು ಬ್ಯಾಡ ಅಂತ ಬರೀಲಿಕ್ಕೆ ನನ್ನ ಕೈ ಬರೂದಿಲ್ಲ” ಎಂದಳಂತೆ. ಈ ವಿಷಯದಲ್ಲಿ ಇಷ್ಟು ದಿನಕ್ಕೆ ಅವ್ವ ಆಡಿದ್ದು ಅದೊಂದೇ ಮಾತು.

“ಮತ್ತ ನೀವು ಏನ ವಿಚಾರ ಮಾಡೀರಿ, ಕಾಕಾ?” ಎಂದು ಕೇಳಿದೆ.

“ಅದ ತಿಳೀಲಾರದ್ದಕ್ಕ ಬಂದೆ. ನೋಡಿಯರ ಹೋಗೋಣಂತ.” ನನ್ನನ್ನು ನೋಡಿದರು, ಒಲೆಯ ಮೇಲಿನ ಅನ್ನ ನೋಡಿದರು, ಗೂಟದಲ್ಲಿದ್ದ ಇವರ ಅಂಗಿ ನೋಡಿದರು. ಎಂದೂ ತಮ್ಮ ಕಣ್ಣಿಂದಲೇ ಏನನ್ನೂ ನೋಡಿ ರೂಢಿಯಿಲ್ಲದವರ ಹಾಗೆ ಗಲಿಬಿಲಿಗೊಂಡಿದ್ದರು. ಹೆಗಲ ಪೆಟ್ಟಿಗೆ ಮಾತ್ರ ಇಳಿಸಲಿಲ್ಲ. ನಾನೂ ಇಳಿಸಿ ಎನ್ನಲಿಲ್ಲ. ನಾಲ್ಕು ಮನೆ ಬಿಟ್ಟು ಐದನೆಯ ಮನೆಯಲ್ಲಿ ಅದು ಎಂದೂ ಇಳಿದದ್ದಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು.

ನೀರು ಕೊಟ್ಟೆ. ಒಂದು ಕೈಯಲ್ಲಿ ಲೋಟ ಹಿಡಿದು ನಿಂತೇ ಇದ್ದರು. ಆಮೇಲೆ, “ಬಿಸಲ ಭಾಳ ಅದ. ದೇವರಿಗೂ ನೀರಡಿಕಿ ಆಗಿದ್ದೀತು. ಒಂದ ಮಣಿ ಹಾಕು, ತಾರಾ” ಎಂದರು.

ಮಣೆ ಹಾಕಿದೆ. ಪೆಟ್ಟಿಗೆ ಇಳಿಸಿದರು. ನನ್ನ ಕೈಯಿಂದಲೇ ನೀರು ತರಿಸಿ, ನಮ್ಮ ಮನೆಯಲ್ಲಿ ಪೂಜೆ ಮಾಡಿ, ಉಂಡು, ಸಂಜೆಯ ಬಸ್ಸಿಗೆ ಸವದತ್ತಿಗೆ ಹೋದರು. ಒಪ್ಪಿಗೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ಸವದತ್ತಿಯವರು ಕೇಳಿದ್ರ ಏನ ಹೇಳ್ಲಿ?” ಎಂದು ನನ್ನನ್ನೇ ಕೇಳಿದರು.

“ನೋಡಿದ್ದ ಹೇಳ್ರಿ” ಎಂದೆ.

ಅವರ ಸಾಲಿನಲ್ಲಿ ನೀನು ಎಷ್ಟಾಣೆ ಬರೆಯುತ್ತೀಯೋ ಬರೆದುಕೋ. ನಾನು ಮಣೆಯನ್ನು ಇನ್ನೂ ಎತ್ತಿಟ್ಟಿಲ್ಲ.

ನಿನ್ನ ಅಕ್ಕ
ತಾರಾ